ಐವತ್ತು ಎಸೆತದ ಶರ್ತು

ಮೊನ್ನೆ ಸ್ಕೂಟಿಯ ಡಿಕ್ಕಿ ಸ್ವಚ್ಛ ಮಾಡಲು ಕುಳಿತೆ. ಡಿಕ್ಕಿ ಎಂದರೆ ನನ್ನ ಮಟ್ಟಿಗೆ ಎರಡನೆಯ ಪರ್ಸು. ಮಳೆಗಾಲದ ಟೊಪ್ಪಿಗೆ, ಶಾಯಿ ಮುಗಿದ ಪೆನ್ನುಗಳು, ಯಾರದೋ ಮುಗಿದುಹೋದ ಮದುವೆಯ ಲಗ್ನಪತ್ರಿಕೆ, ಕಿವಿಯ ದಾರ ಹರಿದ ಮೂರು ಮಾಸ್ಕು, ಇವೆಲ್ಲದರ ಅಡಿಯಲ್ಲಿ ಒಂದು ಲಿಂಬೆಹಣ್ಣು ಸಿಕ್ಕಿತು. ಹಣ್ಣು ಎನ್ನುವುದು ಮರ್ಯಾದೆಯ ಮಾತು. ಒಣಗಿ ಕಪ್ಪಾಗಿ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುತ್ತಿತ್ತು. ಒಗೆಯಲು ಕೈ ಎತ್ತಿದವಳು ಹಾಗೇ ಇಳಿಸಿದೆ.

ಎಲ್ಲಿ ನೋಡಿದರೂ ಲಿಂಬೆ ತೋಟವೇ ಇರುವ ಇಂಡಿ ತಾಲ್ಲೂಕಿನವಳಿಗೆ ಲಿಂಬೆಹಣ್ಣು ಸಿಕ್ಕಿದ್ದೂ ಒಂದು ಸುದ್ದಿಯೇ ಎಂದು ನೀವು ನಗಬಹುದು. ನಗಿರಿ. ನಮ್ಮ ಊರು ತಾಂಬಾದಿಂದ ನಾವು ಯಾರ ಮನೆಗೆ ಹೋದರೂ ಅವರು ನಮ್ಮ ಮುಖ ನೋಡುವ ಮೊದಲು ಕೈಯಲ್ಲಿರುವ ಚೀಲ ನೋಡುತ್ತಾರೆ. ಬಸವನ ಬಾಗೇವಾಡಿಯಲ್ಲಿ ಇರುವ ನನ್ನ ಗೆಳತಿಯಂತೂ ಬಾಗಿಲಲ್ಲೇ ಕೇಳುತ್ತಾಳೆ, "ತಂದಿ ಇಲ್ಲೋ?" ಎಂದು. ನಾನು ಬಂದದ್ದು ಆಕೆಗೆ ಎರಡನೆಯ ಸಂತೋಷ.

ಆದರೂ ಲಿಂಬೆಹಣ್ಣು ಕಂಡರೆ ನನಗೆ ಉಪ್ಪಿನಕಾಯಿ ನೆನಪಾಗುವುದಿಲ್ಲ, ಶರ್ತು ನೆನಪಾಗುತ್ತದೆ. ಶರ್ತು ಎಂದರೆ ಪಂದ್ಯ. ನನ್ನ ತವರು ಸಿಂದಗಿ ತಾಲ್ಲೂಕಿನ ಕನ್ನೊಳ್ಳಿ. ಅಲ್ಲಿ ನಾಗರಪಂಚಮಿ ಬಂತೆಂದರೆ ಹೆಣ್ಣುಮಕ್ಕಳಿಗೆ ಜೋಕಾಲಿ, ಗಂಡುಮಕ್ಕಳಿಗೆ ಶರ್ತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆಯುವ ಶರ್ತು, ನೀರು ಕುಡಿಯದೆ ಹತ್ತು ಉಂಡಿ ತಿನ್ನುವ ಶರ್ತು, ಇನ್ನೂ ಏನೇನೋ. ಎಲ್ಲಕ್ಕಿಂತ ದೊಡ್ಡದು ಲಿಂಬೆಹಣ್ಣಿನದು. ಊರ ಅಗಸಿಬಾಗಿಲಿನಿಂದ ಇಂಥ ಗುಡಿಯ ತನಕ ಒಂದು ಲಿಂಬೆಹಣ್ಣನ್ನು ಇಷ್ಟೇ ಎಸೆತದಲ್ಲಿ ಮುಟ್ಟಿಸುತ್ತೇನೆ ಎಂದು ಒಬ್ಬ ಹೇಳಬೇಕು, ಅದು ನಿನ್ನಿಂದ ಆಗುವ ಕೆಲಸವಲ್ಲ ಎಂದು ಇನ್ನೊಬ್ಬ ಹೇಳಬೇಕು. ಹಣ್ಣು ಎಲ್ಲಿ ನಿಲ್ಲುತ್ತದೋ ಅಲ್ಲಿಂದಲೇ ಮುಂದಿನ ಎಸೆತ. ಒಡೆದರೆ ಅದೇ ಜಾಗದಿಂದ ಹೊಸ ಹಣ್ಣು. ಹಿಂದೆ ಅರ್ಧ ಊರು ನಡೆಯುತ್ತಿರುತ್ತದೆ, ಉಳಿದರ್ಧ ಊರು ಮಾಳಿಗೆಯ ಮೇಲಿರುತ್ತದೆ.

ನನಗೆ ಎಂಟು ವರ್ಷವಿದ್ದಾಗ ನಮ್ಮ ಅಣ್ಣ ಇಂಥ ಒಂದು ಶರ್ತು ಕಟ್ಟಿದ. ಹಣ್ಣು ಬಿದ್ದ ಜಾಗದಲ್ಲಿ ಓಡಿಹೋಗಿ ನಿಲ್ಲುವ ಕೆಲಸ ನನ್ನದು. ಸ್ವಂತ ತಂಗಿ, ಮೋಸ ಮಾಡುವುದಿಲ್ಲ ಎಂಬ ನಂಬಿಕೆ. ಎದುರಿನ ಪಾರ್ಟಿಯವರು ನನ್ನನ್ನು ಗೋಡೆಯ ಮರೆಗೆ ಕರೆದು ಎರಡು ಶೇಂಗಾ ಉಂಡಿ ಕೊಟ್ಟರು. ಮುಂದೆ ಹಣ್ಣು ಬಿದ್ದಲ್ಲೆಲ್ಲ ನನ್ನ ಕಾಲು ಅದನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ಸರಿಸುತ್ತಿತ್ತು. ಅಣ್ಣ ಒಂದೇ ಒಂದು ಎಸೆತದಿಂದ ಸೋತ, ಗೆದ್ದವನನ್ನು ಹೆಗಲ ಮೇಲೆ ಹೊತ್ತು ಊರು ಸುತ್ತಿದ. ಈಗ ಅವನು ಯಂಕಂಚಿಯಲ್ಲಿ ಹೆಡ್‌ಮಾಸ್ತರ. ಇಂದಿಗೂ ಆ ಮಾತು ತೆಗೆದರೆ "ಅವತ್ತ ಗಾಳಿ ಎದುರಿತ್ತು" ಎನ್ನುತ್ತಾನೆ. ಅಣ್ಣಾ, ಗಾಳಿ ಎದುರಿರಲಿಲ್ಲ. ನಾನಿದ್ದೆ.

ಇಂಥವಳು ಮುಂದೆ ಏನು ಓದಿದಳು ಎಂದರೆ ಮನಶ್ಶಾಸ್ತ್ರ. ಸಿಂದಗಿಯ ಒಂದು ಕಾಲೇಜಿನಲ್ಲಿ, ಮುಂದೆ ಮಾಸ್ತರರಾಗುವ ಹುಡುಗ ಹುಡುಗಿಯರಿಗೆ ಮಕ್ಕಳ ಮನಸ್ಸು ಹೇಗಿರುತ್ತದೆಂದು ಕಲಿಸುವುದು ನನ್ನ ಕೆಲಸ. ಹದಿನೆಂಟು ವರ್ಷದಿಂದ ಒಂದೇ ನೋಟ್ಸು. ಅದರಲ್ಲಿ ಐದನೆಯ ಪಾಠ ಹದಿಹರೆಯ. ಎಡಪುಟದಲ್ಲಿ ಲಕ್ಷಣಗಳು, ಬಲಪುಟದಲ್ಲಿ ಪರಿಹಾರಗಳು. ಆ ಪಾಠ ಮಾಡುವಾಗ ನನ್ನ ದನಿಯೇ ಬೇರೆ. ಜಗತ್ತಿನ ಯಾವ ಹದಿನಾರು ವರ್ಷದ ಮಗುವನ್ನು ತಂದು ನಿಲ್ಲಿಸಿದರೂ ಅರ್ಧ ಗಂಟೆಯಲ್ಲಿ ಬಿಡಿಸಿಟ್ಟೇನು ಎಂಬ ಠೇಂಕಾರ. ನಮ್ಮ ಮನೆಯವರು ಗೊಬ್ಬರದ ಅಂಗಡಿ ಇಟ್ಟವರು, ಇದನ್ನೆಲ್ಲ ದೂರದಿಂದ ನೋಡಿ "ಅಕ್ಕೋರ, ನಿಮ್ಮ ಮುಂದ ನಾವು ಯಾವ ಲೆಕ್ಕ" ಎಂದು ನಗುತ್ತಿದ್ದರು.

ಕೊರೊನಾದ ಎರಡನೆಯ ವರ್ಷ ನಮ್ಮ ಮಗಳು ಅಂಕಿತಾಗೆ ಸರಿಯಾಗಿ ಹದಿನಾರು ತುಂಬಿತು.

ಆ ಬೇಸಿಗೆಯಲ್ಲಿ ನಮ್ಮ ಅತ್ತೆಯವರಿಗೆ ಜ್ವರ ಬಂತು. ಅವರನ್ನು ಅಂಕಿತಾ ಆಯಿ ಎನ್ನುತ್ತಾಳೆ, ಆಕೆಯ ಹಿಂದೆ ನಾವೂ ಆಯಿ ಎನ್ನುತ್ತೇವೆ. ಮೂರನೆಯ ದಿನ ಉಸಿರಾಡಲಾಗದೆ ಒದ್ದಾಡಿದಾಗ ವಿಜಯಪುರದ ದವಾಖಾನೆಗೆ ಒಯ್ದೆವು. ಒಂಬತ್ತು ದಿನ ಮೂಗಿಗೆ ಆಕ್ಸಿಜನ್ ನಳಿಕೆ, ನಾವು ನೋಡಿದ್ದು ಮೊಬೈಲಿನ ವಿಡಿಯೋದಲ್ಲಿ. ಆ ಒಂಬತ್ತು ದಿನ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಆಯಿ ಬದುಕಿದರು. ಹೋಗುವಾಗ ಆಂಬುಲೆನ್ಸಿನಲ್ಲಿ ಮಲಗಿ ಹೋದವರು, ಬರುವಾಗ ಕಾರಿನಲ್ಲಿ ಡ್ರೈವರನ ಪಕ್ಕ ಕುಳಿತು ಅವನಿಗೆ ದಾರಿ ಹೇಳುತ್ತ ಬಂದರು. ಅವನು ನಮ್ಮ ಊರವನೇ ಇದ್ದ.

ಆಯಿ ಮನೆಯೊಳಗೆ ಬಂದರು, ಅಂಕಿತಾ ತನ್ನ ಕೋಣೆಯೊಳಗೆ ಹೋದಳು. ಹೋದವಳು ಹೊರಗೇ ಬರಲೊಲ್ಲಳು.

ಮೊದಲ ವಾರ ಆನ್‌ಲೈನ್ ಕ್ಲಾಸು ಎಂದುಕೊಂಡೆವು. ಎರಡನೆಯ ವಾರ ಮೊಬೈಲಿನ ಹುಚ್ಚು ಎಂದುಕೊಂಡೆವು. ಮೂರನೆಯ ವಾರ ನಾನು ನೋಟ್ಸು ತೆಗೆದೆ. ಒಂದೊಂದೇ ಲಕ್ಷಣದ ಮುಂದೆ ಸರಿ ಚಿಹ್ನೆ ಹಾಕುತ್ತ ಹೋದೆ. ಏಕಾಂತದ ಬಯಕೆ, ಸರಿ. ಊಟದಲ್ಲಿ ನಿರಾಸಕ್ತಿ, ಅದೂ ಸರಿ, ಒಂದು ರೊಟ್ಟಿ ಕೊಟ್ಟರೆ ಮುಕ್ಕಾಲು ತಿರುಗಿ ಬರುತ್ತಿತ್ತು. ಹಿರಿಯರಲ್ಲಿ ಅಗೌರವ, ಎರಡು ಸಲ ಸರಿ. ಯಾಕೆಂದರೆ ಆಯಿ ಬಾಗಿಲಿಗೆ ಹೋಗಿ "ಬಾ ನನ ಕೂಸ" ಎಂದು ಕೈ ಚಾಚಿದರೆ ಆಕೆ "ದೂರ ಸರಿ ಆಯಿ" ಎಂದು ಮಾಸ್ಕು ಏರಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹುಟ್ಟಿದಾಗಿನಿಂದ ಆಯಿಯ ಪಕ್ಕದಲ್ಲೇ ಬೆಳೆದ ಹುಡುಗಿ. ಮೊದಲ ಸಲ ಹಾಗಾದಾಗ ಆಯಿ ಅಡುಗೆಮನೆಗೆ ಬಂದು, ಹೆಚ್ಚದೆಯೇ ಇದ್ದ ಉಳ್ಳಾಗಡ್ಡಿಯ ಮುಂದೆ ಕುಳಿತು ಕಣ್ಣು ಒರೆಸಿಕೊಂಡರು.

ಒಂದು ಒಳ್ಳೆಯ ಲಕ್ಷಣವೂ ಇತ್ತು. ತನ್ನ ತಾಟು ಲೋಟ ತಾನೇ ತೊಳೆದು ಕೋಣೆಯಲ್ಲೇ ಇಟ್ಟುಕೊಳ್ಳುತ್ತಿದ್ದಳು. ಜವಾಬ್ದಾರಿಯ ಅರಿವು ಎಂದು ನೋಟ್ಸಿನ ಅಂಚಿನಲ್ಲಿ ಹೆಮ್ಮೆಯಿಂದ ಬರೆದುಕೊಂಡೆ. ನನ್ನಂಥ ಜಾಣೆ ಇಡೀ ಜಿಲ್ಲೆಯಲ್ಲಿ ಸಿಗಲಿಕ್ಕಿಲ್ಲ.

ಮನೆಯವರೆಲ್ಲ ತಮ್ಮ ತಮ್ಮ ವಿದ್ಯೆ ತೋರಿಸಿದರು. ಆಯಿ ದಿನಾ ಸಂಜೆ ಲಿಂಬೆಹಣ್ಣು ತಂದು ದೃಷ್ಟಿ ತೆಗೆಯಲು ಶುರುಮಾಡಿದರು. ಹುಡುಗಿ ಒಳಗೆ, ಆಯಿ ಹೊರಗೆ. ಬೇರೆ ದಾರಿಯಿಲ್ಲದೆ ಬಾಗಿಲಿಗೇ ನಿವಾಳಿಸುತ್ತಿದ್ದರು. ನಮ್ಮ ಆ ಬಾಗಿಲಿಗೆ ಇನ್ನು ಏಳು ಜನ್ಮ ಯಾರ ದೃಷ್ಟಿಯೂ ತಾಗುವಂತಿಲ್ಲ. ನಮ್ಮ ಮನೆಯವರು, ಹುಡುಗಿಗೆ ಜೊತೆಯಾದೀತು ಎಂದು, ಒಂದು ಆಡಿನ ಮರಿ ತಂದು ಕಟ್ಟಿದರು. ಹುಡುಗಿ ಅದನ್ನು ಕಿಟಕಿಯಿಂದ ನೋಡಿದಳು, ಅದು ಹುಡುಗಿಯನ್ನು ನೋಡಿತು, ಅಲ್ಲಿಗೆ ಮುಗಿಯಿತು. ಮಾರನೆಯ ದಿನ ಅದು ಹಗ್ಗ ಬಿಚ್ಚಿಕೊಂಡು ಪಡಸಾಲೆಗೆ ಬಂದು ನನ್ನ ನೋಟ್ಸಿಗೆ ಬಾಯಿ ಹಾಕಿತು. ಲಕ್ಷಣಗಳ ಪುಟ ಉಳಿಯಿತು. ಪರಿಹಾರಗಳ ಪುಟ ಹೋಯಿತು.

ಹೋದರೆ ಹೋಗಲಿ ಎಂದು ನಾನೇ ನಲವತ್ತು ಪ್ರಶ್ನೆಗಳ ಒಂದು ಪ್ರಶ್ನಾವಳಿ ಬರೆದು ಬಾಗಿಲ ಕೆಳಗಿನಿಂದ ಒಳಗೆ ತಳ್ಳಿದೆ. ಹೌದು, ಇಲ್ಲ, ಕೆಲವೊಮ್ಮೆ ಎಂದು ಮೂರು ಮನೆ. ಅರ್ಧ ಗಂಟೆಯ ಮೇಲೆ ಕಾಗದ ಹಾಗೇ ಹೊರಗೆ ಬಂತು, ಕೆಂಪು ಪೆನ್ನಿನಲ್ಲಿ ತಿದ್ದಿತ್ತು. "ಪ್ರಶ್ನೆ ಏಳು ಮತ್ತು ಇಪ್ಪತ್ಮೂರು ಒಂದೇ. ಒಂಬತ್ತನೆಯದರಲ್ಲಿ ಉತ್ತರ ಪ್ರಶ್ನೆಯಲ್ಲೇ ಇದೆ. ಅಕ್ಷರ ದುಂಡಗಿರಲಿ. ನಲವತ್ತಕ್ಕೆ ಹನ್ನೊಂದು." ಕೆಳಗೆ ಸಹಿ ಬೇರೆ.

ನನಗೆ ನಗು ಬಂತು. ಮಗಳು ಒಳಗೆ ಇನ್ನೂ ಇದ್ದಾಳಲ್ಲ ಎಂದು ಸಮಾಧಾನವೂ ಆಯಿತು. ಆಮೇಲೆ ಕಾಗದವನ್ನು ಬೆಳಕಿಗೆ ಹಿಡಿದಾಗ ಹದಿನೆಂಟನೆಯ ಪ್ರಶ್ನೆ ಕಂಡಿತು. ನಿದ್ದೆ ಚೆನ್ನಾಗಿ ಬರುತ್ತದೆಯೇ ಎಂಬ ಪ್ರಶ್ನೆ. ಅಲ್ಲಿ ಆಕೆ ಪೆನ್ನು ಊರಿ, ಏನೂ ಬರೆಯದೆ, ಒತ್ತಿ ಒತ್ತಿ ಕಾಗದ ತೂತು ಮಾಡಿದ್ದಳು.

ಅವತ್ತು ನನಗೆ ಖರೆ ಹೆದರಿಕೆ ಆಯಿತು. ಪಾಠದಲ್ಲಿ ಓದಿದ ಹೆದರಿಕೆಯಲ್ಲ. ಹುಡುಗಿಯ ಕಣ್ಣ ಕೆಳಗೆ ಕಪ್ಪಾಗಿತ್ತು, ಕೊರಳ ಎಲುಬು ಕಾಣುತ್ತಿತ್ತು. ಆಕೆಗೆ ಏನೋ ಆಗಿದೆ, ಅದು ಏನೆಂದು ತಿಳಿಯದಿದ್ದರೆ ನಾನು ಆಕೆಯನ್ನು ಕಳೆದುಕೊಳ್ಳುತ್ತೇನೆ ಎನ್ನಿಸಿತು. ಹೆದರಿದ ಹೆಂಗಸು ಏನು ಮಾಡುತ್ತಾಳೆ? ಕೇಳುತ್ತಾಳೆ. ಚಹಾ ಕೊಡುವಾಗ ಏನಾತು, ತಾಟು ಇಡುವಾಗ ಏನಾತು, ಬಾಗಿಲ ಸಂದಿಯಿಂದ ಏನಾತು, ಮೆಸೇಜಿನಲ್ಲಿ ಏನಾತು. ಆಡಿನ ಮರಿಯೂ ನನ್ನನ್ನು ಕಂಡರೆ ಎದ್ದು ಹೋಗುವಷ್ಟು ಕೇಳಿದೆ.

ಹೀಗೆ ಎರಡು ತಿಂಗಳು ಕಳೆದು ಪಂಚಮಿ ಬಂತು. ಆ ವರ್ಷ ಓಣಿಯಲ್ಲಿ ಜೋಕಾಲಿ ಇಲ್ಲ, ತವರಿಗೆ ಬರುವವರಿಲ್ಲ. ಆಯಿ ಅಡುಗೆಮನೆಯಲ್ಲೇ ಮಣ್ಣಿನ ನಾಗಪ್ಪನಿಗೆ ಹಾಲು ಹಾಕಿದರು. ನಾನು ಉಂಡಿಯ ತಾಟು ಹಿಡಿದು ಬಾಗಿಲು ಬಡಿದು, ರೂಢಿಯಂತೆ, "ಏನಾತವ್ವಾ?" ಎಂದೆ.

ಬಾಗಿಲು ತೆರೆಯಿತು. ಮಾಸ್ಕಿನ ಮೇಲೆ ಎರಡು ಕೆಂಪು ಕಣ್ಣು.

"ಅವ್ವಾ, ನೀ ಕೇಳೋದು ಬಿಡಬೇಕಂದ್ರ ನಾ ಏನ ಮಾಡಬೇಕ ಹೇಳು. ಅದನ್ನ ಮಾಡ್ತೇನಿ."

"ಹೇಳಿಬಿಡು. ಅವಾಗ ಕೇಳೂದಿಲ್ಲ."

"ಅದೊಂದು ಬಿಟ್ಟು."

ಅಡುಗೆಮನೆಯಿಂದ ಆಯಿಯ ದನಿ ಬಂತು. "ಇಬ್ಬರೂ ಒಂದ ಜಾತಿ ಮೊಂಡ ಅದೀರಿ. ಹಬ್ಬೈತಿ, ಶರ್ತ ಕಟ್ರಿ. ಸೋತಾವರು ಬಾಯಿ ಮುಚ್ಚಲಿ, ಇಲ್ಲಾ ಬಾಯಿ ತಗೀಲಿ."

ಹಾಗೆ ಶರ್ತು ಆಯಿತು. ಊರಂಚಿನ ನಮ್ಮ ಮನೆಯಿಂದ ನಮ್ಮ ಲಿಂಬೆ ತೋಟದ ಪಕ್ಕದ ಹನುಮಪ್ಪನ ಗುಡಿಗೆ ಹೆಚ್ಚುಕಡಿಮೆ ಒಂದು ಮೈಲು. ಅಂಕಿತಾ ಐವತ್ತು ಎಸೆತದಲ್ಲಿ ಗುಡಿಯ ಕಟ್ಟೆಗೆ ಹಣ್ಣು ಮುಟ್ಟಿಸಬೇಕು. ಮುಟ್ಟಿಸಿದರೆ ದೀಪಾವಳಿಯ ತನಕ ನಾನು ಒಂದೂ ಪ್ರಶ್ನೆ ಕೇಳುವಂತಿಲ್ಲ. ಮುಟ್ಟದಿದ್ದರೆ ಆಕೆ ಒಂದೇ ಒಂದು ಪ್ರಶ್ನೆಗೆ ಖರೆ ಉತ್ತರ ಕೊಡಬೇಕು.

ದಪ್ಪ ಸಿಪ್ಪೆಯ ಹತ್ತು ಹಣ್ಣು ಆರಿಸಿ ಚೀಲಕ್ಕೆ ಹಾಕಿಕೊಂಡೆ. ಹುಡುಗಿ ನನ್ನಿಂದ ಹತ್ತು ಹೆಜ್ಜೆ ದೂರ ನಡೆದಳು. ನಾನು ಹತ್ತಿರ ಹೋದರೆ ಇನ್ನೂ ಹತ್ತು ಹೆಜ್ಜೆ ಸರಿದಳು. ಎಷ್ಟು ಸಿಟ್ಟು ನೋಡು ಎಂದುಕೊಂಡೆ.

ಮೊದಲ ಎಸೆತ ಪಕ್ಕದ ಮನೆಯ ತಿಪ್ಪೆಗೆ ಹೋಯಿತು. ಎರಡನೆಯದು ತಿಪ್ಪೆಯಿಂದ ತಿಪ್ಪೆಯ ಆಚೆ ಬದಿಗೆ. ಎರಡು ತಿಂಗಳು ಕೋಣೆಯಲ್ಲಿ ಕುಳಿತ ಕೈ. ನಾನು ಒಳಗೊಳಗೇ ಪ್ರಶ್ನೆ ಆರಿಸತೊಡಗಿದೆ. ಆದರೆ ಏಳನೆಯ ಎಸೆತಕ್ಕೆ ಆಕೆ ಓಡ್ನಿಯನ್ನು ಸೊಂಟಕ್ಕೆ ಬಿಗಿದಳು. ಹತ್ತನೆಯದಕ್ಕೆ ಚಪ್ಪಲಿ ಬಿಟ್ಟು ನನ್ನ ಕಡೆ ನೂಕಿದಳು, ಹೊರುವುದಕ್ಕೆ ತಾಯಿ ಇದ್ದಾಳಲ್ಲ. ಮುಂದೆ ಹಣ್ಣು ಗಾಳಿಯಲ್ಲಿ ಹೋಗಿ ಹೋಗಿ ಎಲ್ಲೋ ದೂರ ಮಣ್ಣಿಗೆ ಬಿದ್ದು ಪುಟಿಯುತ್ತಿತ್ತು. ಕನ್ನೊಳ್ಳಿಯಲ್ಲಿ ನನಗೆ ಯಾರೂ ಎಸೆಯಲು ಕೊಡಲಿಲ್ಲ, ಹೆಣ್ಣುಮಕ್ಕಳು ಜೋಕಾಲಿ ಆಡಬೇಕು ಎಂದರು. ನನ್ನ ಮಗಳು ಎಸೆಯುವುದು ನೋಡಿ, ಶರ್ತಿನಲ್ಲಿ ನಾನು ಯಾವ ಕಡೆ ಇದ್ದೇನೆಂಬುದೇ ಮರೆಯಿತು.

ಮರೆತದ್ದು ಸ್ವಲ್ಪ ಹೊತ್ತು. ಇಪ್ಪತ್ಮೂರನೆಯ ಎಸೆತಕ್ಕೆ ಲೆಕ್ಕ ಹಾಕಿದೆ. ಇದೇ ರೀತಿ ಹೋದರೆ ಹುಡುಗಿ ಗೆಲ್ಲುತ್ತಾಳೆ. ಗೆದ್ದರೆ ದೀಪಾವಳಿಯ ತನಕ ನಾನು ಮೂಕಿ. ಹಣ್ಣು ಎರಡು ಗಾಡಿಜಾಡಿನ ನಡುವೆ ನಿಂತಿತ್ತು. ಮುಂದೆ ನಾನು, ಹಿಂದೆ ದೂರದಲ್ಲಿ ಹುಡುಗಿ, ತಲೆ ಬಗ್ಗಿಸಿ ಕಾಲಿನ ಮುಳ್ಳು ತೆಗೆಯುತ್ತಿದ್ದಳು. ಎಂಟನೆಯ ವಯಸ್ಸಿನಲ್ಲಿ ಕಲಿತ ವಿದ್ಯೆ ಕಾಲಿಗೆ ಬಂತು. ಸೀರೆಯ ನೆರಿಗೆಯ ಮರೆಯಲ್ಲಿ ಹಣ್ಣನ್ನು ಹಿಂದಕ್ಕೆ ಒಂದೇ ಒಂದು ಸಲ ಒದ್ದೆ.

"ಅವ್ವಾ, ನಾ ನೋಡಿದ್ನಿ."

"ಏನ ನೋಡಿದಿ? ಇರುವಿ ಹತ್ತಿತ್ತು, ಕಾಲ ಝಾಡಿಸಿದ್ನಿ."

"ಇರುವಿ ನಿನ್ನ ಕಾಲಿಗೆ ಹತ್ತಿತ್ತೋ, ಲಿಂಬಿಹಣ್ಣಿಗೆ ಹತ್ತಿತ್ತೋ?"

ಚಪ್ಪಲಿ ಒಂದು ಕೈಯಲ್ಲಿ, ಚೀಲ ಒಂದು ಕೈಯಲ್ಲಿ, ಮುಖ ಎಲ್ಲಿಡಬೇಕೋ ತಿಳಿಯದೆ ನಿಂತೆ. ಮಾಸ್ಕಿನೊಳಗಿಂದ ಏನೋ ಸದ್ದು ಬಂತು. ಮೊದಲು ಕೆಮ್ಮು ಎಂದುಕೊಂಡೆ. ಅದು ನಗು. ಹುಡುಗಿ ಹೊಟ್ಟೆ ಹಿಡಿದುಕೊಂಡು ರಸ್ತೆಯ ಮೇಲೆ ಕುಳಿತು ನಕ್ಕಳು. ಎರಡು ತಿಂಗಳಿನಿಂದ ಆ ಸದ್ದು ಕೇಳಿರಲಿಲ್ಲ. ಇಷ್ಟಕ್ಕೇ ನಗುತ್ತಾಳೆಂದು ಗೊತ್ತಿದ್ದರೆ ಮನೆಯಲ್ಲೇ ದಿನಾ ಒಂದು ಕಳವು ಮಾಡುತ್ತಿದ್ದೆ. ದಂಡವೆಂದು ಹಣ್ಣನ್ನು ಹತ್ತು ಹೆಜ್ಜೆ ಮುಂದೆ ಇಡಿಸಿದಳು. ನಾನೇ ಇಟ್ಟೆ, ತಕರಾರಿಲ್ಲದೆ.

ಮೂವತ್ತೊಂದನೆಯದು ತೊಗರಿ ಹೊಲಕ್ಕೆ ಹೋಯಿತು. ಮೊಣಕಾಲೆತ್ತರದ ತೊಗರಿ, ಹಸಿರು ಲಿಂಬೆ. ಇಬ್ಬರೂ ಬಗ್ಗಿ ಒಂದೊಂದು ಸಾಲು ಹಿಡಿದು ಹುಡುಕುತ್ತ ಹೋದೆವು. ಅವಳ ಮುಖ ನನಗೆ ಕಾಣುತ್ತಿರಲಿಲ್ಲ, ನನ್ನದು ಅವಳಿಗೆ ಕಾಣುತ್ತಿರಲಿಲ್ಲ. ನಡುವೆ ಎರಡು ಸಾಲು ತೊಗರಿ.

"ಆಯಿಗೆ ಈಗ ದಮ್ಮು ಹತ್ತೂದಿಲ್ಲ ಅಲ್ಲ?" ಎಂದು ಸಾಲಿನಾಚೆಯಿಂದ ಕೇಳಿದಳು.

"ದಮ್ಮ? ಮುಂಜಾನೆ ನನ್ನ ಬೈದಾಗ ನಡುವ ಒಂದ ಸಲಾನೂ ಉಸುರ ತಗೊಳ್ಳಲಿಲ್ಲ."

ನಾಲ್ಕು ಗಿಡ ದಾಟಿ, "ಮತ್ತ ಬರೂದಿಲ್ಲಂತ ಡಾಕ್ಟರು ಹೇಳ್ಯಾರೇನು?" ಎಂದಳು. ನನಗೆ ಆಗಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ, ಹಣ್ಣು ಸಿಕ್ಕಿತು, ಕೂಗಿದೆ.

ನಲವತ್ತೆಂಟನೆಯ ಎಸೆತ ಗುಡಿಯ ಮುಂದಿನ ಬೇವಿನ ಮರದ ಹತ್ತಿರ ನಿಂತಿತು. ಕಟ್ಟೆಗೆ ಇಪ್ಪತ್ತು ಹೆಜ್ಜೆ. ಕುರುಡನೂ ಮುಟ್ಟಿಸಿಯಾನು, ಕೈಯಲ್ಲಿ ಇನ್ನೂ ಎರಡು ಎಸೆತ. ನಾನು ಸೋತಿದ್ದೆ. ದೀಪಾವಳಿಯ ತನಕ ಎಷ್ಟು ದಿನವೆಂದು ಎಣಿಸತೊಡಗಿದೆ.

ಹುಡುಗಿ ಹಣ್ಣು ಹಿಡಿದು ಕಟ್ಟೆಯ ಕಡೆ ನೋಡುತ್ತ ನಿಂತಳು.

"ಸೋತ್ರ ಒಂದ ಪ್ರಶ್ನೆ ಅಲ್ಲ ಬೇ?"

"ಹೂಂ. ಒಂದ."

ಆಕೆ ಗುಡಿಗೆ ಬೆನ್ನು ಮಾಡಿದಳು. ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಹಣ್ಣನ್ನು ಬಂದ ದಾರಿಗೆ ಎಸೆದಳು. ಅದು ಬಿದ್ದಲ್ಲಿಗೆ ನಡೆದುಹೋಗಿ, ಎತ್ತಿ, ಮತ್ತೆ ಊರ ಕಡೆಗೇ ಎಸೆದಳು. ತಿರುಗಿ ಬಂದು ನನ್ನಿಂದ ಅದೇ ಹತ್ತು ಹೆಜ್ಜೆ ದೂರ ನಿಂತಳು.

"ಸೋತ್ನಿ. ಕೇಳು."

ಹದಿನೆಂಟು ವರ್ಷ ಮನಶ್ಶಾಸ್ತ್ರ ಕಲಿಸಿದವಳು ನಾನು. ನಲವತ್ತು ಪ್ರಶ್ನೆ ಬರೆದವಳು. ಆ ಬೇವಿನ ಮರದ ಕೆಳಗೆ ನನ್ನ ಬಾಯಿಗೆ ಒಂದೂ ಬರಲಿಲ್ಲ. ಕೊನೆಗೆ ಏನು ಕೇಳಿದೆ ಗೊತ್ತೇ?

"ಹಸಿವಿ ಆಗೇತೇನು?"

"ಇದನ್ನ ಕೇಳಾಕ ಒಂದ ಮೈಲ ನಡಸಿದೇನ ಬೇ?" ಎಂದಳು. ನಗಲು ಹೋದಳು, ಅರ್ಧಕ್ಕೆ ಅದು ಅಳುವಾಯಿತು. ನಾನು ಹತ್ತಿರ ಓಡಿದರೆ ಎರಡೂ ಕೈ ಮುಂದೆ ಮಾಡಿ "ಬರಬ್ಯಾಡ, ದೂರ ನಿಂದ್ರು" ಎಂದಳು. ಅಲ್ಲಿಂದಲೇ ಹೇಳಿದಳು.

ಆಯಿಗೆ ಜ್ವರ ಬರುವ ನಾಲ್ಕು ದಿನ ಮೊದಲು, ಕ್ಲಾಸಿಗೆ ಸಿಗ್ನಲ್ ಹುಡುಕಲು ಹೊರಗೆ ಹೋಗುತ್ತೇನೆ ಎಂದು ನಮಗೆ ಹೇಳಿ, ಗೆಳತಿಯ ಮಾಳಿಗೆಗೆ ಹೋಗಿದ್ದಳಂತೆ. ಒಂದು ತಾಸು, ಸುಮ್ಮನೆ ಮಾತಾಡಲು. ಮುಂದಿನ ವಾರ ಆ ಗೆಳತಿಯ ಅಪ್ಪನಿಗೆ ಪಾಸಿಟಿವ್ ಎಂದು ಗೊತ್ತಾಯಿತು. ಅವರು ಗುಣವಾದರು. ಆದರೆ ಇವಳು ಲೆಕ್ಕ ಹಾಕಿದ್ದಳು.

"ನಾನ ತಂದು ಆಯಿಗೆ ಹಚ್ಚಿದ್ನಿ. ನನ್ನಿಂದ ಆಯಿ ಸಾಯಾಕಿ ಇದ್ಲು. ನಾ ಹೊರಗ ಬಂದ್ರ ಮತ್ತ ಯಾರಿಗರೆ ಆಗ್ತೈತಿ. ಕಣ್ಣ ಮುಚ್ಚಿದ್ರ ಆ ಮೂಗಿನ ನಳಿಗಿ ಕಾಣತೈತಿ, ಅವ್ವಾ."

ನಾನು ಮಣ್ಣಿನ ಮೇಲೆ ಕುಳಿತುಬಿಟ್ಟೆ. ಏಕಾಂತದ ಬಯಕೆ ಎಂದು ಗುರುತು ಹಾಕಿದ್ದೆನಲ್ಲ, ಅದು ಇದು. ಅಗೌರವವೂ ಇದೇ, ಆಯಿಯನ್ನು ಉಳಿಸಿಕೊಳ್ಳಲು ದೂರ ಸರಿ ಎಂದದ್ದು. ಜವಾಬ್ದಾರಿಯ ಅರಿವು ಎಂದು ಬರೆದ ತಾಟು, ಎಂಜಲು ಯಾರಿಗೂ ತಾಗಬಾರದೆಂದು ಬೇರೆ ಇಟ್ಟ ತಾಟು. ಹದಿನಾರು ವರ್ಷದ ಹುಡುಗಿ ಎರಡು ತಿಂಗಳು ತನಗೆ ತಾನೇ ಜೈಲು ಹಾಕಿಕೊಂಡು ಕುಳಿತಿದ್ದಳು, ನಾನು ಹೊರಗೆ ಕುಳಿತು ಅಂಕ ಕೊಡುತ್ತಿದ್ದೆ.

ಸಮಾಧಾನ ಮಾಡುವ ಮಾತು ನನಗೆ ಬಹಳ ಬರುತ್ತದೆ. ಅದಾವುದನ್ನೂ ಆಡಲಿಲ್ಲ. ಯಾಕೆಂದರೆ ನನ್ನ ಹೊಟ್ಟೆಯಲ್ಲೂ ಒಂದು ಗುಟ್ಟು ಕೊಳೆಯುತ್ತ ಬಿದ್ದಿತ್ತು. ಹೊರಗೆ ತೆಗೆದೆ.

"ಅಂಕಿ, ಅದ ವಾರ ನಾ ಕಾಲೇಜಿಗೆ ಸಹಿ ಮಾಡಾಕ ಹೊಂಟೇನಿ ಅಂತ ಸ್ಕೂಟಿ ತಗೊಂಡ ಸಿಂದಗಿಗೆ ಹೋಗಿದ್ನಿ, ನೆನಪೈತೇನು?"

"ಹೂಂ."

"ಕಾಲೇಜಿಗೆ ಬೀಗ ಇತ್ತು. ನಾ ಹೋಗಿದ್ದು ಸೀರಿ ಅಂಗಡಿಗೆ."

ಲಾಕ್‌ಡೌನಿನಲ್ಲಿ ಅಂಗಡಿಯವನೊಬ್ಬ ಹಿಂದಿನ ಬಾಗಿಲಿನಿಂದ ಗಿರಾಕಿಗಳನ್ನು ಬಿಟ್ಟುಕೊಂಡು ಮುಂದಿನ ಶಟರ್ ಎಳೆದಿದ್ದ. ಒಳಗೆ ಇಪ್ಪತ್ತು ಹೆಂಗಸರು, ಒಂದು ಫ್ಯಾನು. ಒಂದೇ ಇಳಕಲ್ ಸೀರೆಯ ಒಂದೊಂದು ತುದಿ ಹಿಡಿದು ನಾನೂ ಇನ್ನೊಬ್ಬಾಕೆಯೂ ಮುಖಕ್ಕೆ ಮುಖ ಕೊಟ್ಟು ಜಗಳಾಡಿದೆವು. ಮಾಸ್ಕು ಗದ್ದದಲ್ಲಿತ್ತು. ಗೆದ್ದು ತಂದೆ. ನಾಲ್ಕು ದಿನಕ್ಕೆ ಆಯಿ ಮಲಗಿದರು. ಆ ಸೀರೆ ಇನ್ನೂ ಜೋಳದ ಡಬ್ಬಿಯ ಹಿಂದೆ, ಬಿಚ್ಚದೆ, ಬಿದ್ದಿದೆ. ನಾನೇ ತಂದು ಹಚ್ಚಿದೆ ಎಂದು ನನಗೂ ಖಾತ್ರಿಯಿತ್ತು. ನನಗೂ ನಿದ್ದೆ ಇರಲಿಲ್ಲ. ನನ್ನೊಳಗಿನದು ಕೇಳಿಸಬಾರದೆಂದೇ ಆಕೆಯನ್ನು ಅಷ್ಟು ಕೇಳುತ್ತಿದ್ದೆನೋ ಏನೋ.

ಹುಡುಗಿ ಅಳು ನಿಲ್ಲಿಸಿ ನನ್ನನ್ನೇ ನೋಡಿದಳು.

"ಯಾವ ಬಣ್ಣ?"

"ಏನ?"

"ಸೀರಿ."

"ದಾಳಿಂಬರಿ. ಕೆಂಪಂಚು."

ಹತ್ತು ಹೆಜ್ಜೆ ಐದಾಯಿತು, ಎರಡಾಯಿತು. ನನ್ನನ್ನು 'ಕಳ್ಳಿ' ಎಂದಳು. ಪಕ್ಕದಲ್ಲಿ ಬಂದು ಕುಳಿತು ಹೆಗಲಿಗೆ ತಲೆ ಇಟ್ಟಳು.

ಅಲ್ಲಿಗೆ ಎಲ್ಲ ಸರಿಹೋಯಿತೆಂದು ಬರೆದರೆ ಅದು ಸುಳ್ಳು. ಮುಂದೆಯೂ ಎಷ್ಟೋ ದಿನ ಆಕೆಗೆ ನಿದ್ದೆ ಬರಲಿಲ್ಲ, ಕೈ ತೊಳೆದು ತೊಳೆದು ಚರ್ಮ ಸುಲಿಯಿತು. ವಿಜಯಪುರದಲ್ಲಿ ಮನಸ್ಸಿನ ಡಾಕ್ಟರ ಹತ್ತಿರ ಆರೇಳು ಸಲ ಕರೆದೊಯ್ದೆವು. ಅವರು ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂಡಿಸಿ ಆಕೆಯ ಜೊತೆ ಮಾತಾಡುತ್ತಿದ್ದರು. ಮೂರನೆಯ ಸಲ ನನ್ನನ್ನೂ ಒಳಗೆ ಕರೆದು, ನೀವು ಏನು ಕೆಲಸ ಮಾಡುತ್ತೀರಿ ಎಂದರು. ಮಕ್ಕಳ ಮನಶ್ಶಾಸ್ತ್ರ ಕಲಿಸ್ತೇನ್ರಿ ಎಂದೆ. ಡಾಕ್ಟರು ಮೊದಲು ನೀರು ಕುಡಿದು, ಆಮೇಲೆ ಮಾತು ಮುಂದುವರಿಸಿದರು. ಒಳ್ಳೆಯ ಮನುಷ್ಯ. ಹುಡುಗಿ ನಿಧಾನಕ್ಕೆ ಆರಾಮಾದಳು.

ಆದರೆ ಆ ಪಂಚಮಿಯ ಮಧ್ಯಾಹ್ನದ ಮಾತು ಇನ್ನೂ ಮುಗಿದಿಲ್ಲ. ನಾವಿಬ್ಬರೂ ಮನೆಗೆ ಬಂದಾಗ ಆಯಿ ಪಡಸಾಲೆಯಲ್ಲಿ ಕುಳಿತಿದ್ದರು, ನಮ್ಮ ಮನೆಯವರು ಉಂಡಿ ತಿನ್ನುತ್ತಿದ್ದರು. ದಾರಿಯಲ್ಲೇ ನಿರ್ಧಾರ ಮಾಡಿದ್ದೆವು. ಅಂಕಿತಾ ಬಾಗಿಲಲ್ಲೇ ನಿಂತು ತನ್ನದನ್ನು ಹೇಳಿದಳು. ನಾನು ನನ್ನದನ್ನು ಹೇಳಿದೆ. ಸೀರೆಯ ಮಾತಿಗೆ ಬಯ್ಯುತ್ತಾರೆಂದು ಕಾದೆ. ನಮ್ಮ ಮನೆಯವರು ಉಂಡಿ ಕೆಳಗಿಟ್ಟರು.

"ನಿಮ್ಮಿಬ್ಬರದೂ ಅಲ್ಲ. ನಂದು," ಎಂದರು. "ಆ ವಾರ ತೋಟದ ಪಂಪಿನ ಮನ್ಯಾಗ ಐದ ಮಂದಿ ಇಸ್ಪೀಟ ಆಡಾಕತ್ತಿದ್ವಿ. ಅದರಾಗ ಒಬ್ಬಾಂವ ಸೀನತಿದ್ದ. ಅವ್ವನ ಮುಖ ನೋಡಾಕ ನನಗ ಇವತ್ತಿಗೂ ಆಗವಲ್ದು."

ನಾನು ಅದು ನನ್ನದೇ ಎಂದೆ, ಇಪ್ಪತ್ತು ಮಂದಿ ದೊಡ್ಡದೋ ಐದು ಮಂದಿ ದೊಡ್ಡದೋ ಎಂದು ಕೇಳಿದೆ. ಅವರು ಸೀನಿನ ಮಾತು ಎತ್ತಿದರು. ಅಂಕಿತಾ ತನ್ನ ನಾಲ್ಕು ದಿನದ ಲೆಕ್ಕ ಮುಂದಿಟ್ಟಳು. ಮೂವರೂ ದನಿ ಏರಿಸಿದೆವು. ಆಯಿ ಕೋಲಿನಿಂದ ನೆಲ ಕುಟ್ಟಿದರು.

"ಬಾಯಿ ಮುಚ್ರಿ ಎಲ್ಲಾರೂ. ಬ್ಯಾನಿ ಬಂದಿದ್ದು ನನಗ. ಮೈ ನಂದು, ಮೂಗ ನಂದು, ಒಂಬತ್ತ ದಿನ ಮಲಗಿದ್ದು ನಾ. ನಡುವ ನೀವ್ಯಾರು ಪಾಲ ಕೇಳಾಕ?"

ಆಯಿ ದನಿ ಸ್ವಲ್ಪ ಇಳಿಸಿದರು.

"ನೀವು ಮಧ್ಯಾಹ್ನ ಮಲಗಿದ ಮ್ಯಾಲ ದಿನಾ ಹಿಂದಿನ ಓಣಿಗೆ ಚೌಕಾಬಾರಾ ಆಡಾಕ ಹೋಗ್ತಿದ್ನಿ. ಅಲ್ಲಿ ನನ್ನ ಗೆಳತಿ ಕೆಮ್ಮತಿದ್ಲು. ನನಗೂ ಗೊತ್ತಾತು. ಆದ್ರ ನಾ ಗೆಲ್ಲಾಕತ್ತಿದ್ನಿ. ಗೆಲ್ಲೂ ಆಟ ಬಿಟ್ಟು ಹ್ಯಾಂಗ ಏಳ್ಲಿ?"

ಯಾರದು ಖರೆ, ದೇವರಿಗೇ ಗೊತ್ತು. ನಾಲ್ಕು ಜನ, ಒಂದೇ ಸೂರಿನ ಕೆಳಗೆ, ಒಬ್ಬರಿಗೊಬ್ಬರು ಕಾಣದಂತೆ ಒಂದೇ ಕಲ್ಲನ್ನು ಎದೆಯ ಮೇಲೆ ಹೊತ್ತುಕೊಂಡು ಎರಡು ತಿಂಗಳು ಓಡಾಡಿದ್ದೆವು. ಅದರಲ್ಲಿ ಎಲ್ಲಕ್ಕಿಂತ ಸಣ್ಣವಳು ಎಲ್ಲಕ್ಕಿಂತ ಹೆಚ್ಚು ಹೊತ್ತಿದ್ದಳು. ಅದನ್ನು ನೆನೆದರೆ ನನಗೆ ಈಗಲೂ ಅಳು ಬರುತ್ತದೆ.

ಆಯಿ ಕೈ ಚಾಚಿದರು. "ಬಾ ಇಲ್ಲೆ."

ಅಂಕಿತಾ ಎರಡು ಹೆಜ್ಜೆ ಬಂದು, ರೂಢಿಯಂತೆ, ಒಂದು ಮಾರು ದೂರದಲ್ಲಿ ನಿಂತಳು.

"ಇನ್ನೂ ಮುಂದ."

ಇನ್ನೊಂದು ಹೆಜ್ಜೆ ಬಂದಳು. ಮಾಸ್ಕು ಸರಿಮಾಡಿಕೊಂಡಳು. ಆಯಿ ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡು ಕುಳಿತರು, ಎಳೆಯಲಿಲ್ಲ, ಕರೆಯಲಿಲ್ಲ. ಕೊನೆಗೆ ಹುಡುಗಿ ತಾನೇ ಮೊಣಕಾಲೂರಿ ಆಯಿಯ ತೊಡೆಯ ಮೇಲೆ ತಲೆ ಇಟ್ಟಳು. ಆಯಿ ಬೆರಳು ಹಾಕಿ ಕೂದಲು ಬಿಡಿಸಿದರು, ಬೈತಲೆ ತೆಗೆದು ನೋಡಿದರು, ನನ್ನ ಕಡೆ ತಿರುಗಿದರು.

"ಎರಡ ತಿಂಗಳಾತು, ಹುಡಿಗಿ ತಲಿಗೆ ಒಂದ ಹನಿ ಎಣ್ಣಿ ಇಲ್ಲ," ಎಂದರು. "ಕುಂತ ಕುಂತ ಏನ ಕೇಳತಿದ್ದಿ ನೀ?"